ಎರಡು ಕಾಲಮ್ಮುಗಳ ಉತ್ತರ ಸಾಲುತ್ತಿಲ್ಲ: ಕಮ್ಯುನಿಸಂ, ಪ್ರಜಾಪ್ರಭುತ್ವ ಎರಡನ್ನೂ ಕಂಡವರು ಹೇಳುತ್ತೀರಾ?

ಪ್ರಶ್ನೆ: ಪುತ್ತೂರಿನ ಉಪನ್ಯಾಸಕಿ

ನಾನು ಪದವಿಪೂರ್ವ ಕಾಲೇಜೊಂದರಲ್ಲಿ ರಾಜ್ಯಶಾಸ್ತ್ರ ಕಲಿಸುತ್ತೇನೆ. ಕಳೆದ ವಾರ ದ್ವಿತೀಯ ಪಿಯುಸಿ ತರಗತಿಯಲ್ಲಿ ಕರಿಹಲಗೆಯ ನಡುವೆ ಉದ್ದಕ್ಕೆ ಗೆರೆ ಎಳೆದು, ಎಡಕ್ಕೆ ಕಮ್ಯುನಿಸಂ, ಬಲಕ್ಕೆ ಪ್ರಜಾಪ್ರಭುತ್ವ ಎಂದು ಬರೆದೆ. ಎಡಗಡೆ ಸಮಾನತೆ, ಎಲ್ಲರಿಗೂ ಕೆಲಸ, ಸಾಮೂಹಿಕ ಒಡೆತನ; ಅದರ ಕೆಳಗೆ ಏಕಪಕ್ಷದ ಆಡಳಿತ, ವಾಕ್ ಸ್ವಾತಂತ್ರ್ಯವಿಲ್ಲ. ಬಲಗಡೆ ಮತದಾನದ ಹಕ್ಕು, ಸ್ವತಂತ್ರ ನ್ಯಾಯಾಂಗ. ಅದರ ಕೆಳಗೆ ಹಣಬಲ, ನಿಧಾನಗತಿ. ಮಕ್ಕಳು ಬರೆದುಕೊಂಡರು. ಪರೀಕ್ಷೆಯಲ್ಲಿ ಅಂಕ ಕೊಡಿಸುವ ಉತ್ತರ ಅದು.

ಹಿಂದಿನ ಬೆಂಚಿನಿಂದ ಒಬ್ಬ ಹುಡುಗಿ ಎದ್ದಳು. "ಮೇಡಂ, ನಮ್ಮ ಮುತ್ತಜ್ಜನಿಗೆ ಮತ ಇತ್ತು, ಜಾಗ ಇರಲಿಲ್ಲ. ಆಮೇಲೆ ಡಿಕ್ಲರೇಷನ್‌ನಲ್ಲಿ ಜಾಗ ಸಿಕ್ಕಿತು. ಅದು ಎಡಗಡೆಗೆ ಬರುತ್ತದೋ ಬಲಗಡೆಗೋ?" ನಾನು ಯೋಚಿಸುತ್ತಿರುವಾಗಲೇ ಕಿಟಕಿಯ ಬದಿಯ ಹುಡುಗನೊಬ್ಬ, "ನಮ್ಮ ಅಜ್ಜಿಯ ಜಾಗ ಹೋದದ್ದೂ ಡಿಕ್ಲರೇಷನ್‌ನಲ್ಲಿಯೇ" ಎಂದ. ಅವನ ಧ್ವನಿಯಲ್ಲಿ ಜಗಳವಿರಲಿಲ್ಲ. ಮನೆಯಲ್ಲಿ ನೂರು ಸಲ ಕೇಳಿದ ಮಾತನ್ನು ಹೇಳುವ ಹಾಗೆ ಹೇಳಿದ.

ಘಟ್ಟದ ಮೇಲಿನವರಿಗಾಗಿ ಒಂದು ಮಾತು. ದೇವರಾಜ ಅರಸು ಅವರ ಕಾಲದ ಭೂಸುಧಾರಣೆ ತಿದ್ದುಪಡಿ 1974ರ ಮಾರ್ಚ್ 1ರಂದು ಜಾರಿಗೆ ಬಂತು. ಗೇಣಿದಾರರು ನಮೂನೆ 7ನ್ನು ತುಂಬಿ, ಈ ಜಾಗವನ್ನು ಉಳುತ್ತಿರುವವನು ನಾನು ಎಂದು ಘೋಷಿಸಿಕೊಳ್ಳಬೇಕಿತ್ತು. ನಮ್ಮ ಜಿಲ್ಲೆಯಲ್ಲಿ ಅದಕ್ಕೇ ಡಿಕ್ಲರೇಷನ್ ಎನ್ನುತ್ತಾರೆ.

ಇಬ್ಬರೂ ಒಂದೇ ತರಗತಿಯ ಮಕ್ಕಳು. ನನ್ನ ಹಲಗೆಯ ಮೇಲಿನ ಉತ್ತರ ಇಬ್ಬರಿಗೂ ಸಲ್ಲಲಿಲ್ಲ. ಪಕ್ಷಗಳ ಕರಪತ್ರಗಳು ಬೇಡ, ಪಠ್ಯಪುಸ್ತಕ ನನ್ನ ಬಳಿಯೇ ಇದೆ. ಬದುಕಿ ಕಂಡವರು ಯಾರಾದರೂ ಇದ್ದರೆ ದಯವಿಟ್ಟು ಬರೆಯಿರಿ. ಮುಂದಿನ ಸೋಮವಾರ ಆ ಮಕ್ಕಳ ಮುಂದೆ ನಾನು ಮತ್ತೆ ನಿಲ್ಲಬೇಕು.

ಉತ್ತರ 1: ಮಂಜೇಶ್ವರದ ನಿವೃತ್ತ ಮಾಷ್ಟ್ರು

ತಂಗೀ, ನಿಮ್ಮ ವಿದ್ಯಾರ್ಥಿನಿಯ ಪ್ರಶ್ನೆಗೆ ನಮ್ಮ ಮನೆಯ ಕಥೆಯೇ ಉತ್ತರ. ಸ್ವಲ್ಪ ಉದ್ದವಿದೆ, ತಾಳ್ಮೆಯಿಂದ ಓದಿ.

ನಾನು ಹುಟ್ಟಿದ್ದು 1949ರಲ್ಲಿ. ಆಗ ನಮ್ಮ ಊರು ಮದ್ರಾಸು ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. 1956ರ ನವೆಂಬರ್ 1ರಂದು ಕೇರಳದ ಪಾಲಾಯಿತು. ಅಪ್ಪ ಚಾಲಗೇಣಿಯ ಒಕ್ಕಲು, ಅಂದರೆ ಧಣಿಗಳು ಬೇಕೆಂದಾಗ ಎಬ್ಬಿಸಬಹುದಾದ ಗೇಣಿದಾರ. ಎರಡು ಬೆಳೆಯ ಗದ್ದೆ, ಅಂಚಿನಲ್ಲಿ ಕೆಲವು ತೆಂಗಿನ ಮರಗಳು, ಒಂದು ಮುಳಿಹುಲ್ಲಿನ ಮನೆ. ಅದರಲ್ಲಿ ಯಾವುದೂ ನಮ್ಮದಲ್ಲ. ಗೇಣಿ ಕೊಡುವ ಕಾಲ ಬಂದಾಗ ಅಪ್ಪ ಅಂಗಳದಲ್ಲಿ ಬೈಹುಲ್ಲು ಹರಡಿ, 42 ಸೇರು ಅಕ್ಕಿ ಸುರಿದು, ಹುಲ್ಲಿನ ಹಗ್ಗವನ್ನು ಕಾಲಿನಿಂದ ಒತ್ತಿ ಬಿಗಿದು, ಮರದ ಕೊಡತಿಯಿಂದ ಸುತ್ತಲೂ ಬಡಿದು ಮುಡಿ ಕಟ್ಟುತ್ತಿದ್ದರು. ಒಂದು ಕಾಳು ಹೊರಗೆ ಬೀಳದ ಹಾಗೆ ದುಂಡಗಿನ ಮುಡಿ. ಆ ಕೊಡತಿಯ ಸದ್ದು ಈಗಲೂ ನನ್ನ ಕಿವಿಯಲ್ಲಿದೆ. ಅಷ್ಟು ಚೆಂದದ ಮುಡಿಗಳು ನಮ್ಮ ಅಟ್ಟಕ್ಕೆ ಏರಿದ್ದನ್ನು ನಾನು ಕಾಣಲಿಲ್ಲ. ನೇರವಾಗಿ ಧಣಿಗಳ ಮನೆಗೆ. ಅಲ್ಲಿ ಅಪ್ಪ ಹೆಗಲ ಮೇಲಿನ ಬೈರಾಸನ್ನು ತೆಗೆದು ಸೊಂಟಕ್ಕೆ ಸುತ್ತಿಕೊಂಡು ಅಂಗಳದಲ್ಲಿ ನಿಲ್ಲುತ್ತಿದ್ದರು. ಜಗಲಿಯ ಮೆಟ್ಟಿಲನ್ನು ತುಳಿದವರಲ್ಲ.

ಅಪ್ಪನಿಗೆ ಮತ ಇತ್ತು. 1952ರಲ್ಲಿ ಹಾಕಿದ್ದರು ಕೂಡ. ಆಗ ಒಬ್ಬೊಬ್ಬ ಅಭ್ಯರ್ಥಿಗೆ ಒಂದೊಂದು ಪೆಟ್ಟಿಗೆ ಇಡುತ್ತಿದ್ದರು, ಚೀಟಿಯನ್ನು ನಮಗೆ ಬೇಕಾದವರ ಪೆಟ್ಟಿಗೆಗೆ ಹಾಕಬೇಕು. ಯಾರಿಗೆ ಹಾಕಿದಿರಿ ಎಂದು ದೊಡ್ಡವನಾದ ಮೇಲೆ ಕೇಳಿದೆ. "ಧಣಿಗಳು ತೋರಿಸಿದ ಪೆಟ್ಟಿಗೆಗೆ" ಎಂದರು. ಬೇರೆಯವರಿಗೂ ಹಾಕಬಹುದಿತ್ತಲ್ಲ ಎಂದರೆ, "ಮತ ನನ್ನದು, ಮನೆ ಅವರದ್ದಲ್ಲವೇ ಮಗಾ" ಎಂದರು.

1957ರ ಬೇಸಿಗೆಯಲ್ಲಿ, ಪತ್ತನಾಜೆಯೊಳಗೆ, ಅಂದರೆ ಮೇ ತಿಂಗಳ ಕೊನೆಯೊಳಗೆ, ಜಾಗ ಬಿಡಬೇಕೆಂದು ನಮಗೆ ಹೇಳಿಕೆ ಬಂದಿತ್ತು. ಅಮ್ಮ ಪಾತ್ರೆಗಳನ್ನು ಗೋಣಿಗೆ ತುಂಬಿಸಿ ಇಟ್ಟಿದ್ದರು. ಏಪ್ರಿಲ್ 5ರಂದು ಕಮ್ಯುನಿಸ್ಟ್ ಪಕ್ಷದ ಇ.ಎಂ.ಎಸ್. ನಂಬೂದಿರಿಪಾಡ್ ಕೇರಳದ ಮುಖ್ಯಮಂತ್ರಿಯಾದರು. ಅದೇ ತಿಂಗಳ 11ಕ್ಕೆ, ಒಕ್ಕಲನ್ನು ಎಬ್ಬಿಸಬಾರದೆಂದು ಸುಗ್ರೀವಾಜ್ಞೆ ಹೊರಟಿತು. ಚಹಾದ ಹೋಟೆಲಿನಲ್ಲಿ ಯಾರೋ ಪತ್ರಿಕೆ ಓದಿ ಹೇಳಿದ್ದನ್ನು ಕೇಳಿದ ಅಪ್ಪ ಗದ್ದೆಯ ಹುಣಿಯ ಮೇಲೆ ಓಡಿಬಂದರು. ಅಪ್ಪ ಓಡಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಗೋಣಿಯಿಂದ ಪಾತ್ರೆಗಳು ಹೊರಗೆ ಬಂದವು. ಇನ್ನೊಂದು ವಿಷಯ ಕೇಳಿ: ಆ ಚುನಾವಣೆಯಲ್ಲಿ ಮಂಜೇಶ್ವರದಲ್ಲಿ ಮತದಾನವೇ ನಡೆದಿರಲಿಲ್ಲ, ಎಂ. ಉಮೇಶ ರಾವ್ ಅವಿರೋಧವಾಗಿ ಆಯ್ಕೆಯಾಗಿದ್ದರು. ಅಂದರೆ ನಮ್ಮ ಮನೆ ಉಳಿದದ್ದು ಊರಾಚೆಯ, ನಾವು ಮುಖ ನೋಡದ ಜನರ ಮತದಿಂದ.

ಅಪ್ಪ ಕಮ್ಯುನಿಸ್ಟರಲ್ಲ. ಕಾಸರಗೋಡು ಕರ್ನಾಟಕಕ್ಕೆ ಸೇರಬೇಕಿತ್ತು ಎಂದು ಸಾಯುವ ತನಕ ಹೇಳಿದವರು. ಮಲಯಾಳದಲ್ಲಿ ಬಂದ ನೋಟೀಸುಗಳನ್ನು ಓದಿ ಹೇಳಲು ನನ್ನನ್ನು ಕೂರಿಸಿಕೊಂಡು ನಿಟ್ಟುಸಿರು ಬಿಡುತ್ತಿದ್ದರು. ಆದರೂ ಇ.ಎಂ.ಎಸ್. ವಿಷಯ ಯಾರಾದರೂ ಹಗುರವಾಗಿ ಆಡಿದರೆ ಅಲ್ಲಿಂದ ಎದ್ದು ಹೋಗುತ್ತಿದ್ದರು.

ಆ ಸರಕಾರದ ಕೈಯೂ ಶುದ್ಧವಾಗಿ ಉಳಿಯಲಿಲ್ಲ. 1959ರಲ್ಲಿ ಆ ಸರಕಾರದ ವಿರುದ್ಧ ನಡೆದ ವಿಮೋಚನಾ ಸಮರವೆಂಬ ಚಳವಳಿಯಲ್ಲಿ, ಅಂಗಮಾಲಿಯಲ್ಲಿ ಪೊಲೀಸರು ಗುಂಡು ಹಾರಿಸಿದರು, ಜನ ಸತ್ತರು. ಅದನ್ನು ಮುಚ್ಚಿಡಬಾರದು. ಆದರೆ ಜುಲೈ 31ರಂದು, ಸದನದಲ್ಲಿ ಬಹುಮತವಿದ್ದ ಸರಕಾರವನ್ನು ಸಂವಿಧಾನದ 356ನೇ ವಿಧಿಯಲ್ಲಿ ದೆಹಲಿ ವಜಾ ಮಾಡಿತಲ್ಲ, ಅದು ಪ್ರಜಾಪ್ರಭುತ್ವ ತನ್ನ ಮಾತಿಗೆ ತಾನೇ ತಪ್ಪಿದ ದಿನ. ನೆಹರೂ ಅವರನ್ನು ನಾನು ತುಂಬಾ ಗೌರವಿಸುತ್ತೇನೆ. ಈ ಒಂದು ಕೆಲಸವನ್ನು ಮಾತ್ರ ಒಪ್ಪಲು ನನ್ನಿಂದ ಆಗಿಲ್ಲ. 1960ರಲ್ಲಿ ಕಮ್ಯುನಿಸ್ಟರಿಗೆ ಹಿಂದಿಗಿಂತ ಹೆಚ್ಚು ಪಾಲು ಮತ ಬಿದ್ದರೂ ಸ್ಥಾನಗಳು 60ರಿಂದ 29ಕ್ಕೆ ಇಳಿದವು. ಕ್ರಾಂತಿಯ ಮಾತಾಡುತ್ತಿದ್ದ ಪಕ್ಷ ಆಗ ಕೋವಿ ಹಿಡಿಯಲಿಲ್ಲ. ಮತ್ತೆ ಮನೆಮನೆಗೆ ಮತ ಕೇಳಲು ಬಂತು, 1967ರಲ್ಲಿ ಗೆದ್ದಿತು. 1970ರ ಜನವರಿ 1ರಂದು ಕೇರಳದಲ್ಲಿ ಗೇಣಿಪದ್ಧತಿಯೇ ರದ್ದಾಯಿತು. ನಮಗೆ ಪಟ್ಟಯ, ಅಂದರೆ ಜಾಗದ ಹಕ್ಕುಪತ್ರ, ಸಿಕ್ಕಿತು.

ನಾಲ್ಕು ವರ್ಷ ಕಳೆಯುವಷ್ಟರಲ್ಲಿ ಗಡಿಯ ಆಚೆ ಕರ್ನಾಟಕದಲ್ಲಿ, ವಿಟ್ಲದ ಬಳಿ ನನ್ನ ಸೋದರಮಾವ ಡಿಕ್ಲರೇಷನ್ ಕೊಟ್ಟರು. ಅಲ್ಲಿ ಆಳುತ್ತಿದ್ದದ್ದು ಕಮ್ಯುನಿಸ್ಟರಲ್ಲ, ಕಾಂಗ್ರೆಸ್ ಸರಕಾರ. ಆದರೆ ಉಳುವವನೇ ಹೊಲದೊಡೆಯ ಎಂಬ ಕೂಗು ಅದೇ. ಅದಕ್ಕೂ ಮೊದಲು 1951ರಲ್ಲಿ ಸಾಗರದ ಕಾಗೋಡಿನಲ್ಲಿ ಗೇಣಿದಾರರು ಸಮಾಜವಾದಿಗಳ ಜೊತೆ ಸೇರಿ ಜೈಲು ತುಂಬಿದ್ದರು. ಹಾಗಾಗಿ ನಿಮ್ಮ ವಿದ್ಯಾರ್ಥಿನಿಗೆ ಹೀಗೆ ಹೇಳಿ: ಮುತ್ತಜ್ಜನ ಜಾಗದ ಆಸೆ ಎಡಗಡೆಯದು, ಅದು ಬಂದ ದಾರಿ ಬಲಗಡೆಯದು.

ಆ ಹುಡುಗನಿಗೆ ಹೇಳುವುದು ಇನ್ನೂ ಕಷ್ಟ. ನನ್ನ ಮಾವನ ಜಾಗದ ಒಡತಿ ದೊಡ್ಡ ಧಣಿಯಲ್ಲ. ಗಂಡ ತೀರಿಕೊಂಡಿದ್ದರು, ಉಳಲು ಮನೆಯಲ್ಲಿ ಗಂಡಾಳಿಲ್ಲದೆ ಎರಡು ಎಕರೆಯನ್ನು ಗೇಣಿಗೆ ಕೊಟ್ಟಿದ್ದರು. ಡಿಕ್ಲರೇಷನ್‌ಗಳನ್ನು ತೀರ್ಮಾನಿಸುವ ಟ್ರಿಬ್ಯೂನಲ್‌ನಲ್ಲಿ ವಕೀಲರಿಗೆ ಅವಕಾಶವಿರಲಿಲ್ಲ. ಒಕ್ಕಲಿಗೆ ಅನುಕೂಲವಾಗಲೆಂದು ಮಾಡಿದ ನಿಯಮ ಅದು. ಆ ಅಮ್ಮನೂ ಒಬ್ಬರೇ ಬಂದು ನಿಂತರು. "ನನ್ನದೂ ಹೊಟ್ಟೆಯೇ" ಎಂದಷ್ಟೇ ಹೇಳಿದರು. ಜಾಗ ಮಾವನಿಗಾಯಿತು. ಮಾವ ಆಮೇಲೆ ಪ್ರತಿವರ್ಷ ಹೊಸ ಅಕ್ಕಿಯ ಊಟಕ್ಕೆ ಮೊದಲು ಅವರ ಮನೆಗೆ ಅಕ್ಕಿ, ತೆಂಗಿನಕಾಯಿ ಕಳುಹಿಸುತ್ತಿದ್ದರು. ಅವರು ಒಮ್ಮೆಯೂ ಬೇಡ ಎನ್ನಲಿಲ್ಲ, ಒಮ್ಮೆಯೂ ಇವರ ಮುಖ ನೋಡಲಿಲ್ಲ. ಇದು ನ್ಯಾಯವೇ ಎಂದು ನನ್ನನ್ನು ಕೇಳಿದರೆ, ಆ ಅಮ್ಮನಿಗೆ ಅನ್ಯಾಯವಾಯಿತು ಎಂದೇ ಹೇಳುತ್ತೇನೆ. ಆದರೆ ಅವರು ಅಧಿಕಾರಿಯ ಎದುರು ನಿಂತು ಮಾತಾಡಿದರು, ತಮ್ಮ ಮನೆಗೆ ನಡೆದು ಹೋದರು. ಚೀನಾದಲ್ಲಿ 1950ರ ಹೊತ್ತಿಗೆ ಇದೇ ಕೆಲಸ ನಡೆದಾಗ ಜಮೀನುದಾರರನ್ನು ಊರಿನವರ ಮುಂದೆ ನಿಲ್ಲಿಸಿ ಹೊಡೆದರು, ಲಕ್ಷಗಟ್ಟಲೆ ಜನರನ್ನು ಕೊಂದರು. ಭೂಮಿ ಹಂಚಿದ್ದು ಎರಡೂ ಕಡೆ ನಿಜ.

ಇನ್ನೊಂದು ಹೇಳಿ ಮುಗಿಸುತ್ತೇನೆ. ನನಗೊಬ್ಬ ಗೆಳೆಯನಿದ್ದ, ಬೀಡಿ ಕಟ್ಟುವವನು. ಕಣ್ಣೂರು ಕಡೆ ಬೀಡಿ ಕಟ್ಟುವಲ್ಲಿ ಒಬ್ಬ ಪತ್ರಿಕೆಯನ್ನು ಗಟ್ಟಿಯಾಗಿ ಓದುವುದು, ಉಳಿದವರು ಕೇಳುತ್ತ ಎಲೆ ಸುತ್ತುವುದು, ಓದಿದವನ ಪಾಲಿನ ಬೀಡಿಯನ್ನು ಉಳಿದವರೇ ಕಟ್ಟಿಕೊಡುವುದು ವಾಡಿಕೆ. ನಾಲ್ಕನೇ ತರಗತಿಗೆ ಶಾಲೆ ಬಿಟ್ಟ ಆತ ವಿಯೆಟ್ನಾಮಿನ ಬಗ್ಗೆ ನನಗಿಂತ ಹೆಚ್ಚು ತಿಳಿದಿದ್ದ. ಅಷ್ಟು ತಲೆ ಎತ್ತಿ ನಡೆಯಲು ಅವನಿಗೆ ಕಲಿಸಿದ್ದು ಪಕ್ಷ. ಮೂವತ್ತು ವರ್ಷ ಸದಸ್ಯನಾಗಿದ್ದವನು ಒಂದು ದಿನ ಶಾಖೆಯ ಸಭೆಯಲ್ಲಿ ಲೆಕ್ಕದ ಬಗ್ಗೆ ಪ್ರಶ್ನೆ ಕೇಳಿದ. ಮರುದಿನ ಬೆಳಿಗ್ಗೆ ಹೋಟೆಲಿನಲ್ಲಿ ಅವನ ಬೆಂಚಿನಲ್ಲಿ ಯಾರೂ ಕೂರಲಿಲ್ಲ. ಹೊಡೆಯಲಿಲ್ಲ, ಬೈಯಲಿಲ್ಲ, ಕೂರಲಿಲ್ಲ ಅಷ್ಟೆ. ಅವನ ಲೋಟದ ಪಕ್ಕದಲ್ಲಿ ನನ್ನ ಲೋಟವನ್ನಿಟ್ಟು ಕುಳಿತೆ. ನಾವಿಬ್ಬರೂ ಆ ದಿನ ಏನೂ ಮಾತಾಡಲಿಲ್ಲ.

ಉತ್ತರ 2: ಲೈಪ್‌ಜಿಗ್‌ನಿಂದ

ಮಾಷ್ಟ್ರೇ, ನಿಮ್ಮ ಅಪ್ಪನ ಪೆಟ್ಟಿಗೆಯ ಮಾತನ್ನು ಓದಿ ನನ್ನ ಮನೆ ಒಡತಿಗೆ ಜರ್ಮನ್ ಭಾಷೆಯಲ್ಲಿ ಹೇಳಿದೆ. ನಾನು ಮೂಲತಃ ತೀರ್ಥಹಳ್ಳಿಯವನು, ಒಂಬತ್ತು ವರ್ಷಗಳಿಂದ ಇಲ್ಲಿದ್ದೇನೆ. ಆಕೆಗೆ ಈಗ 78. ಪೂರ್ವ ಜರ್ಮನಿಯ ಕಾಲದಲ್ಲಿ ಶಿಶುವಿಹಾರದ ಶಿಕ್ಷಕಿಯಾಗಿದ್ದವರು. ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದು, ಮೇಜಿನ ಮೇಲಿದ್ದ ಹಾಲಿನ ಬಿಲ್ಲನ್ನು ಎತ್ತಿಕೊಂಡು ಎರಡಾಗಿ ಮಡಚಿ ನನ್ನ ಮುಂದಿಟ್ಟರು. "ನಮ್ಮ ಮತದಾನ ಇಷ್ಟೇ" ಎಂದರು.

ಚೀಟಿಯಲ್ಲಿ ಒಂದೇ ಪಟ್ಟಿ ಇರುತ್ತಿತ್ತಂತೆ. ಗುರುತು ಹಾಕಬೇಕಿಲ್ಲ, ಮಡಚಿ ಪೆಟ್ಟಿಗೆಗೆ ಹಾಕಿದರೆ ಒಪ್ಪಿಗೆ ಎಂದರ್ಥ. ಜನ ಮತ ಹಾಕಲು ಹೋಗುತ್ತೇನೆ ಎನ್ನುತ್ತಿರಲಿಲ್ಲ, ಮಡಚಲು ಹೋಗುತ್ತೇನೆ ಎನ್ನುತ್ತಿದ್ದರು. ಮೂಲೆಯಲ್ಲಿ ಪರದೆಯ ಗೂಡೊಂದು ಇತ್ತು. ಅತ್ತ ಹೆಜ್ಜೆ ಹಾಕಿದವರ ಹೆಸರನ್ನು ಬರೆದುಕೊಳ್ಳುತ್ತಿದ್ದರು. 1989ರ ಮೇ 7ರ ಸ್ಥಳೀಯ ಚುನಾವಣೆಯಲ್ಲಿ ಧೈರ್ಯವಂತರು ಕೆಲವರು ಎಣಿಕೆಯ ಜಾಗಕ್ಕೆ ಹೋಗಿ ವಿರೋಧದ ಚೀಟಿಗಳನ್ನು ಲೆಕ್ಕವಿಟ್ಟರು. ಸರಕಾರ ಮಾತ್ರ 98.85 ಪ್ರತಿಶತ ಒಪ್ಪಿಗೆ ಎಂದು ಸಾರಿತು. ಆ ಸುಳ್ಳನ್ನು ಜನ ನುಂಗಲಿಲ್ಲ. ಅಕ್ಟೋಬರ್ 9ರ ಸೋಮವಾರ ಸಂಜೆ ಇಲ್ಲಿನ ವರ್ತುಲ ರಸ್ತೆಯಲ್ಲಿ ಸುಮಾರು 70,000 ಜನ ನಡೆದರು. ಆಕೆಯೂ ನಡೆದಿದ್ದರು, ಮಗಳನ್ನು ಅಕ್ಕನ ಮನೆಯಲ್ಲಿ ಬಿಟ್ಟು, ವಾಪಸು ಬರದಿದ್ದರೆ ಏನು ಮಾಡಬೇಕೆಂದು ಚೀಟಿ ಬರೆದಿಟ್ಟು. ಒಂದು ತಿಂಗಳಿಗೆ ಬರ್ಲಿನ್ನಿನ ಗೋಡೆ ತೆರೆಯಿತು.

1992ರಿಂದ ಗುಪ್ತ ಪೊಲೀಸರಾದ ಸ್ಟಾಸಿಯ ಕಡತಗಳನ್ನು ಜನರೇ ಓದಬಹುದಾಯಿತು. ಆಕೆ ತಮ್ಮದನ್ನು ಓದಿದರು. ಮಗಳಿಗೆ ಯಾವ ಬಣ್ಣದ ಕೋಟು ಹೊಲಿಸಿದರೆಂಬುದೂ ಅದರಲ್ಲಿತ್ತು. ಕೋಟನ್ನು ಹೊಲಿದುಕೊಟ್ಟ ಗೆಳತಿಗೆ ಬಿಟ್ಟರೆ ಅದು ಬೇರೆ ಯಾರಿಗೂ ತಿಳಿದಿರಲಿಲ್ಲ.

ಇಷ್ಟು ಹೇಳಿದವರು ಅದೇ ಉಸಿರಿನಲ್ಲಿ, "ಆದರೆ ನನ್ನ ಶಿಶುವಿಹಾರದಲ್ಲಿ ಕೂಲಿಯವರ ಮಗು, ವೈದ್ಯರ ಮಗು ಪಕ್ಕಪಕ್ಕದಲ್ಲಿ ಮಲಗುತ್ತಿದ್ದವು. ಬಾಡಿಗೆ ಕಟ್ಟಲಾಗದೆ ಯಾರೂ ಅತ್ತದ್ದನ್ನು ನಾನು ನೋಡಲಿಲ್ಲ. ಗೋಡೆ ಬಿದ್ದ ಮರುವರ್ಷ ನನ್ನ ಗಂಡನ ಕಾರ್ಖಾನೆ ಮುಚ್ಚಿತು, ಐವತ್ತಕ್ಕೆ ಮನೆಯಲ್ಲಿ ಕುಳಿತರು, ಮತ್ತೆ ಏಳಲಿಲ್ಲ" ಎಂದರು. ಯಾವುದು ಮೇಲು ಎಂದು ಕೇಳಲು ನನಗೆ ಬಾಯಿ ಬರಲಿಲ್ಲ. ಹಳೆಯದು ಮರಳಿ ಬೇಕೇ ಎಂದು ಮಾತ್ರ ಕೇಳಿದೆ. ತಲೆ ಅಡ್ಡಡ್ಡ ಆಡಿಸಿದರು. ಮಡಚಿದ ಬಿಲ್ಲನ್ನು ಬಿಡಿಸಿ, ಕೈಯಿಂದ ನೇವರಿಸಿ ಸಪಾಟು ಮಾಡಿ ಎತ್ತಿಟ್ಟರು.

ಉತ್ತರ 3: ರಾಯಚೂರು ಜಿಲ್ಲೆಯ ವೈದ್ಯೆ

ಮೇಲಿನ ಇಬ್ಬರ ಮಾತನ್ನೂ ಗೌರವದಿಂದ ಓದಿದೆ. ಆದರೆ ಮತದ ಹಕ್ಕಿನ ಬಗ್ಗೆ ಇಷ್ಟು ನೆಮ್ಮದಿಯಿಂದ ಮಾತಾಡಲು ನನ್ನಿಂದ ಆಗುತ್ತಿಲ್ಲ.

ಕಳೆದ ಲೋಕಸಭಾ ಚುನಾವಣೆಯ ಮರುವಾರ ಏಳು ತಿಂಗಳ ಗರ್ಭಿಣಿಯೊಬ್ಬಳು ಬಂದಳು. ಇಪ್ಪತ್ತೆರಡು ವರ್ಷ. ರಕ್ತ ಎಷ್ಟಿದೆಯೆಂದು ಅಂದಾಜು ಮಾಡಲು ಮೊದಲು ಉಗುರನ್ನು ನೋಡುತ್ತೇವೆ. ಎಡಗೈಯ ತೋರುಬೆರಳನ್ನು ಹಿಡಿದೆ. ಉಗುರಿನ ಮೇಲೆ ಶಾಯಿಯ ಗೆರೆ ಕಪ್ಪಗಿತ್ತು, ಉಗುರಿನ ಅಡಿ ಕಾಗದದ ಹಾಗೆ ಬೆಳ್ಳಗಿತ್ತು. ಹಿಮೋಗ್ಲೋಬಿನ್ 6 ಗ್ರಾಂ. ಅವಳ ಅವ್ವನೂ ಮತ ಹಾಕಿದವಳೇ, ಅವಳ ಅಜ್ಜಿಯೂ ಹಾಕಿದವಳೇ.

ಚೀನಾದ ಹಸಿವಿನ ಕಥೆ ನನಗೆ ಗೊತ್ತು. 1958ರಿಂದ 61ರ ನಡುವೆ, ಮೇಲಿನವರನ್ನು ಮೆಚ್ಚಿಸಲು ಕೆಳಗಿನವರು ಇಲ್ಲದ ಬೆಳೆಯನ್ನು ಲೆಕ್ಕದಲ್ಲಿ ತೋರಿಸಿದರು, ಆ ಲೆಕ್ಕದ ಮೇಲೆ ಧಾನ್ಯ ಎತ್ತಿಕೊಂಡು ಹೋದರು, ಕೋಟಿಗಟ್ಟಲೆ ಜನ ಸತ್ತರು. ತಪ್ಪಾಗುತ್ತಿದೆ ಎಂದು ಮಾವೋಗೆ ಪತ್ರ ಬರೆದ ರಕ್ಷಣಾ ಮಂತ್ರಿ ಪೆಂಗ್ ದೆಹುಆಯ್ ಅವರನ್ನೇ 1959ರಲ್ಲಿ ಕಿತ್ತುಹಾಕಿದರು. ಪತ್ರಿಕೆಗಳು, ವಿರೋಧಪಕ್ಷ ಇರುವಲ್ಲಿ ಅಂಥ ಬರಗಾಲ ಬರುವುದಿಲ್ಲ ಎಂದು ಅಮರ್ತ್ಯ ಸೇನ್ ಹೇಳಿದ್ದನ್ನು ಎಲ್ಲರೂ ನೆನಪಿಸಿಕೊಳ್ಳುತ್ತಾರೆ. ಅವರ ಇನ್ನೊಂದು ಮಾತನ್ನು ಬಿಟ್ಟುಬಿಡುತ್ತಾರೆ: ಬರಗಾಲವಿಲ್ಲದ ಸಾಮಾನ್ಯ ವರ್ಷಗಳಲ್ಲಿ ಆರೋಗ್ಯ, ಆಹಾರದ ಕೊರತೆಯಿಂದ ಭಾರತದಲ್ಲಿ ಚೀನಾಕ್ಕಿಂತ ಹೆಚ್ಚಾಗಿ ಸಾಯುತ್ತಿದ್ದ ಜನರ ಲೆಕ್ಕ, ಸುಮಾರು ಎಂಟು ವರ್ಷಕ್ಕೊಮ್ಮೆ ಆ ಮಹಾಕ್ಷಾಮದ ಲೆಕ್ಕವನ್ನು ಮೀರುತ್ತಿತ್ತು ಎಂದೂ 1980ರ ದಶಕದಲ್ಲಿ ಅವರೇ ಬರೆದಿದ್ದಾರೆ. 1980ರ ಹೊತ್ತಿಗೆ ಚೀನಾದ ಸರಾಸರಿ ಆಯುಸ್ಸು 65 ದಾಟಿತ್ತು, ನಮ್ಮದು 55ನ್ನು ಮುಟ್ಟಿರಲಿಲ್ಲ. ಚೀನಾದಲ್ಲಿ ಹಳ್ಳಿಯ ಹುಡುಗ ಹುಡುಗಿಯರಿಗೇ ಒಂದಿಷ್ಟು ತಿಂಗಳ ತರಬೇತಿ ಕೊಟ್ಟು ಬರಿಗಾಲ ವೈದ್ಯರನ್ನಾಗಿ ಊರೂರಿಗೆ ಇಟ್ಟಿದ್ದರು. ಒಮ್ಮೆಗೇ ಸತ್ತರೆ ಸುದ್ದಿಯಾಗುತ್ತದೆ. ಒಬ್ಬೊಬ್ಬಳೇ ಹೆರಿಗೆಯಲ್ಲಿ ಸತ್ತರೆ ಅದು ನನ್ನ ರಿಜಿಸ್ಟರಿನ ಒಂದು ಸಾಲು. ಆ ಸಾಲಿಗೆ ಯಾವ ಕಾಲಂ, ಮೇಡಂ?

ಉತ್ತರ 4: ಮಂಜೇಶ್ವರದ ನಿವೃತ್ತ ಮಾಷ್ಟ್ರು

ಡಾಕ್ಟರಮ್ಮಾ, ನಿಮ್ಮ ಮಾತನ್ನು ಎರಡು ಸಲ ಓದಿದೆ. ರಾತ್ರಿ ನಿದ್ದೆ ಬರಲಿಲ್ಲ. ವಾದಕ್ಕಾಗಿ ಬರೆಯುತ್ತಿಲ್ಲ, ನನಗೆ ತೋಚಿದ್ದನ್ನು ನಿಮ್ಮ ಮುಂದಿಡುತ್ತಿದ್ದೇನೆ.

ನಮ್ಮ ಊರಿನಲ್ಲಿ ಹೆರಿಗೆಯಲ್ಲಿ ಹೆಂಗಸು ಸತ್ತಳೆಂಬ ಸುದ್ದಿ ಈಗ ತೀರಾ ಅಪರೂಪ. ಅದಕ್ಕೆ ಕಾರಣ ಕಮ್ಯುನಿಸ್ಟರು ಮಾತ್ರ ಎಂದು ನಾನು ಹೇಳುವುದಿಲ್ಲ. ತಿರುವಿತಾಂಕೂರಿನ ಕಾಲದ ಶಾಲೆಗಳು, ಮಿಷನ್ನಿನವರ ಆಸ್ಪತ್ರೆಗಳು, ನಾರಾಯಣ ಗುರುಗಳು ಎಲ್ಲರ ಪಾಲೂ ಇದೆ. ಆದರೆ ಇದೊಂದನ್ನು ಗಮನಿಸಿ. ಪಶ್ಚಿಮ ಬಂಗಾಳದಲ್ಲಿ ಎಡಪಕ್ಷಗಳು 1977ರಿಂದ 2011ರ ತನಕ 34 ವರ್ಷ ಒಂದೇ ಸಮನೆ ಆಳಿದವು. ಆರಂಭದಲ್ಲಿ ಆಪರೇಷನ್ ಬರ್ಗಾ ಎಂಬ ದೊಡ್ಡ ಕೆಲಸ ಮಾಡಿ 14 ಲಕ್ಷಕ್ಕೂ ಹೆಚ್ಚು ಪಾಲುಗಾರ ರೈತರ ಹೆಸರನ್ನು ದಾಖಲೆಗೆ ಏರಿಸಿದವು. ಶಾಲೆ, ಆಸ್ಪತ್ರೆಗಳಲ್ಲಿ ಮಾತ್ರ ಬಂಗಾಳ ಕೇರಳದ ಹತ್ತಿರಕ್ಕೂ ಬರಲಿಲ್ಲ. ಪಕ್ಷ ಅದೇ, ಬಾವುಟ ಅದೇ. ಕೇರಳದಲ್ಲಿ 1982ರಿಂದ 2016ರವರೆಗೆ ಒಂದೊಂದು ಚುನಾವಣೆಗೂ ಸರಕಾರ ಮಗುಚಿ ಬಿತ್ತು. ಐದು ವರ್ಷಕ್ಕೆ ಇಳಿಯಬೇಕು ಎಂಬ ಹೆದರಿಕೆ ಇದ್ದವರು ಊರಿನ ಆಸ್ಪತ್ರೆಗೆ ನರ್ಸ್ ಬಂದಿದ್ದಾರೆಯೇ ಎಂದು ಕೇಳಿಯೇ ಕೇಳುತ್ತಾರೆ. ಬರದಿದ್ದರೆ ಎದುರು ಪಕ್ಷದವರು ಬೆಳಿಗ್ಗೆಯೇ ಗೇಟಿನ ಮುಂದೆ ಕುಳಿತಿರುತ್ತಾರೆ, ನಾನು ನೋಡಿದ್ದೇನೆ. ಬಂಗಾಳದಲ್ಲಿ ಆ ಹೆದರಿಕೆ ಹೋಯಿತು. ಕೊನೆಗೆ ಗೇಣಿದಾರರಿಗೆ ನೆಲೆ ಕೊಟ್ಟ ಪಕ್ಷವೇ ರೈತರ ಭೂಮಿಯನ್ನು ಕಾರ್ಖಾನೆಗಳಿಗೆ ಕೇಳಿತು. 2007ರ ಮಾರ್ಚ್ 14ರಂದು ನಂದಿಗ್ರಾಮದಲ್ಲಿ ಪೊಲೀಸರ ಗುಂಡಿಗೆ 14 ಜನ ಬಲಿಯಾದರು. 2011ರಲ್ಲಿ ಜನ ಇಳಿಸಿದರು, ಅವರು ಇಳಿದರು.

ಸೋಲುವ ಸಾಧ್ಯತೆ ಇದ್ದಲ್ಲಿ ಕಮ್ಯುನಿಸ್ಟರು ಬಡವರಿಗೆ ಹೆಚ್ಚು ಒದಗಿದರು ಎಂಬುದು ನನ್ನ ಅನುಭವ. ನಿಮ್ಮ ಆ ಹುಡುಗಿಯ ಮತ ಯಾರಿಗೂ ಹೆದರಿಕೆ ಹುಟ್ಟಿಸಿಲ್ಲ, ಅದೇ ನನ್ನನ್ನು ಕಾಡುತ್ತಿದೆ. 1952ರಲ್ಲಿ ಅಪ್ಪನ ಮತವೂ ಹಾಗೇ ಇತ್ತು. ಅವಳು ಹೇಗಿದ್ದಾಳೆ?

ಉತ್ತರ 5: ರಾಯಚೂರು ಜಿಲ್ಲೆಯ ವೈದ್ಯೆ

ಎರಡು ಬಾಟಲಿ ರಕ್ತ ಕೊಟ್ಟೆವು. ಹೆಣ್ಣು ಮಗು, ಎರಡು ಕಿಲೋ. ಇಬ್ಬರೂ ಬದುಕಿದ್ದಾರೆ ಮಾಷ್ಟ್ರೇ.

ಉತ್ತರ 6: ಪುತ್ತೂರಿನ ಉಪನ್ಯಾಸಕಿ

ಎಲ್ಲರಿಗೂ ನಮಸ್ಕಾರ. ಸೋಮವಾರ ಹಲಗೆಯ ಮೇಲೆ ಗೆರೆ ಎಳೆಯಲಿಲ್ಲ. ನೀವು ಬರೆದದ್ದನ್ನು ಮೊದಲಿನಿಂದ ಕೊನೆಯವರೆಗೆ ಓದಿದೆ. ಗಂಟೆ ಬಾರಿಸಿದರೂ ಮಕ್ಕಳು ಏಳಲಿಲ್ಲ. "ನನ್ನದೂ ಹೊಟ್ಟೆಯೇ" ಎಂಬಲ್ಲಿ ಆ ಹುಡುಗ ಕಿಟಕಿಯ ಕಡೆ ತಿರುಗಿಕೊಂಡ. ಹೊರಗೆ ಹೋಗುವಾಗ ಹುಡುಗಿ ಅವನನ್ನು ಏನೋ ಕೇಳುತ್ತಿದ್ದಳು, ನನಗೆ ಕೇಳಿಸಲಿಲ್ಲ.

ಮಾಷ್ಟ್ರೇ, ಒಂದು ಬೇಡಿಕೆ ಇದೆ. ನಿಮ್ಮ ಅಪ್ಪನ ಕೊಡತಿ ಇನ್ನೂ ಇದ್ದರೆ ಮಕ್ಕಳನ್ನು ಕರೆದುಕೊಂಡು ಬಂದು ನೋಡಬಹುದೇ? ಆ ಹುಡುಗ ತನ್ನ ಅಜ್ಜಿಯನ್ನೂ ಕರೆತರುತ್ತೇನೆ ಎನ್ನುತ್ತಿದ್ದಾನೆ. 86 ವರ್ಷ, ನಡೆಯುತ್ತಾರೆ, ಆದರೆ ಮೆಟ್ಟಿಲು ಹತ್ತುವುದು ಕಷ್ಟವಂತೆ.

ಉತ್ತರ 7: ಮಂಜೇಶ್ವರದ ನಿವೃತ್ತ ಮಾಷ್ಟ್ರು

ಕೊಡತಿ ಇದೆ, ಅಟ್ಟದಿಂದ ಇಳಿಸಿ ಒರೆಸಿ ಇಡುತ್ತೇನೆ. ಭಾನುವಾರ ಬನ್ನಿ, ಊಟ ನಮ್ಮಲ್ಲೇ. ಜಗಲಿಗೆ ಮೂರೇ ಮೆಟ್ಟಿಲು. ಅಜ್ಜಿಯನ್ನು ನಾನೇ ಕೈಹಿಡಿದು ಹತ್ತಿಸುತ್ತೇನೆ.